ಅಂಗೈಯ ನೀಲಿ

ಮನೆ, ಮಹಡಿಯ ಕಿಟಕಿಯ ಪಕ್ಕ
ಮಾರ್ಚ್ ೧೪, ಭಾನುವಾರ ಬೆಳಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಬಿ.ಪಿ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯಾ, ಇಲ್ಲ ಮೊಮ್ಮಗಳ ಮುಖ ನೋಡುತ್ತ ಮಾತ್ರೆ, ತಿಂಡಿ ಎರಡನ್ನೂ ಮರೆತು ಕೂತಿದ್ದೀಯಾ? ಮಗಳ ಸೊಂಟದ ನೋವು ಈಗ ಹೇಗಿದೆ? ಮಗು ಹಗಲೆಲ್ಲ ನಿದ್ದೆ ಮಾಡಿ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುತ್ತದೆ ಎಂದು ಮೊನ್ನೆ ನೀನು ಹೇಳಿದೆ. ಅದು ನಿನ್ನ ತವರಿನ ಗುಣ. ನಮ್ಮ ಕಡೆಯವರೆಲ್ಲ ದೀಪ ಆರಿಸುವ ಮೊದಲೇ ಗೊರಕೆ ಹೊಡೆಯುವವರು. ಮೂಗು ಮಾತ್ರ ಅಜ್ಜನದೇ ಎಂದು ಮಗ ಫೋಟೋ ತೋರಿಸಿ ಹೇಳಿದ. ಪಾಪ, ಹೆಣ್ಣುಮಗು. ನಾನು ಗಟ್ಟಿಮುಟ್ಟಾಗಿದ್ದೇನೆ. ಸಕ್ಕರೆಯೂ ಹದದಲ್ಲಿದೆ. ಸಕ್ಕರೆ ಡಬ್ಬಿಯ ವಿಷಯ ಮುಂದೆ ಬರುತ್ತದೆ, ಈಗಲೇ ಮುಖ ಗಂಟಿಕ್ಕಬೇಡ.

ಫೋನಿನಲ್ಲೇ ಹೇಳಬಾರದಿತ್ತೇ, ಕಾಗದ ಏಕೆ ಎನ್ನುತ್ತೀಯ. ಫೋನಿನಲ್ಲಿ ನೀನು ಸ್ಪೀಕರ್ ಹಾಕಿ ಮಗುವಿನ ಬಟ್ಟೆ ಮಡಿಸುತ್ತ ಕೂರುತ್ತೀಯ. ನಾನು ನಿನ್ನನ್ನು ಕೇಳಿದ ಪ್ರಶ್ನೆಗೆ ಅಳಿಯ ಉತ್ತರ ಕೊಡುತ್ತಾನೆ. ಅವನು ಒಳ್ಳೆಯವನೇ, ಆದರೆ ಗಂಡ ಹೆಂಡತಿಯ ಮಾತಿಗೆ ಅವನೇಕೆ? ಅದಕ್ಕೇ ಕಾಗದ. ಪೂರ್ತಿ ಓದು, ಅರ್ಧದಲ್ಲಿ ಎದ್ದು ಒಲೆಯ ಮೇಲೆ ಏನಿದೆ ಎಂದು ನೋಡಲು ಹೋಗಬೇಡ.

ಹೊರಡುವ ದಿನ ಗೇಟಿನ ಹತ್ತಿರ ಚೀಲ ಹಿಡಿದು ನಿಂತು ನೀನು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಇದು ಮನೆನಾ ಕಾರ್ಖಾನೆನಾ? ಮಗು ಹುಟ್ಟಿದ್ಮೇಲೆ ನೀವೂ ಅಲ್ಲಿಗೇ ಬಂದ್ಬಿಡಿ. ನಮ್ ಪಾಡಿಗೆ ನಾವು ಅಲ್ಲೇ ಇದ್ಬಿಡೋಣ ರೀ." ನಾನು ತಲೆಯಾಡಿಸಿದೆ. ಮಗಳು ಅಲ್ಲಿ ನಮಗಾಗಿ ಹಿಂದಿನ ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದಾಳೆ ಎಂದು ನೀನು ಹೇಳಿದಾಗಲೂ ಇಲ್ಲಿ ಫೋನ್ ಹಿಡಿದು ತಲೆಯಾಡಿಸಿದೆ. ನಿನ್ನ ಸಿಟ್ಟು ನನಗೆ ಅರ್ಥವಾಗದ್ದಲ್ಲ. ಮುಂದಿನ ಕೋಣೆಯಲ್ಲಿದ್ದ ನಿನ್ನ ಸೋಫಾ ಮೆಟ್ಟಿಲ ತಿರುವಿಗೆ ಹೋಯಿತು, ಅದು ಇದ್ದ ಜಾಗದಲ್ಲಿ ಸೊಸೆಯ ಯಂತ್ರಗಳು ಬಂದು ಕೂತವು, ನೆಂಟರು ಬಂದರೆ ಕೂರಿಸಲು ಜಾಗವಿಲ್ಲ, ಮನೆಯೆಲ್ಲ ಕಾದ ಪ್ಲಾಸ್ಟಿಕ್ಕಿನ ವಾಸನೆ. ಊರುಗೋಲಿನ ಕಂಪನಿಯವರು ತಾನು ಮಾಡಿದ ಹಿಡಿಯನ್ನು ಒಪ್ಪದಿದ್ದರೆ ಇದನ್ನೆಲ್ಲ ಮುಚ್ಚಿ, ಬೇರೆ ಊರಿನ ದೊಡ್ಡ ಕಾರ್ಖಾನೆಯವರು ಕರೆಯುತ್ತಿರುವ ಕೆಲಸಕ್ಕೆ ಹೋಗುತ್ತೇನೆ ಎಂದು ಸೊಸೆ ಊಟದ ಮೇಜಿನಲ್ಲಿ ಹೇಳಿದಳಲ್ಲ, ಆಗ ನೀನು ಬಾಯಿ ಬಿಡಲಿಲ್ಲ, ನಿಜ. ಆದರೆ ಸೋಫಾ ಆಗಲೇ ಕೆಳಗಿಳಿದು ಬಂದಷ್ಟು ಸಂತೋಷ ನಿನ್ನ ಮುಖದಲ್ಲಿತ್ತು. ನಾನು ನೋಡಿದೆ. ಅವಳೂ ನೋಡಿದಳು.

ಈ ಗುರುವಾರ ಆ ಕಂಪನಿಯವರು ಬಂದಿದ್ದರು. ಏನಾಯಿತು ಎಂದು ಹೇಳುವ ಮೊದಲು ಅವಳು ಮಾಡುವುದೇನು ಎಂದು ನಿನಗೆ ಹೇಳಬೇಕು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಮಗಿಬ್ಬರಿಗೂ ಗೊತ್ತಿದ್ದುದು ಸದ್ದು ಮತ್ತು ವಾಸನೆ ಮಾತ್ರ. ಯಾರೋ ಒಂದು ವಸ್ತುವಿನ ಚಿತ್ರ ಬರೆದು ತರುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ, ಆದರೆ ಚಿತ್ರವನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲವಲ್ಲ. ಅವಳು ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ಪ್ರಿಂಟರಿಗೆ ಕೊಡುತ್ತಾಳೆ. ಯಂತ್ರದೊಳಗೆ ಪ್ಲಾಸ್ಟಿಕ್ ದಾರ ಕರಗಿ ಇಳಿದು, ಪದರದ ಮೇಲೆ ಪದರ ಕೂತು, ಸಂಜೆಯ ಹೊತ್ತಿಗೆ ಆ ವಸ್ತು ತಟ್ಟೆಯ ಮೇಲೆ ನಿಂತಿರುತ್ತದೆ. ಅದನ್ನು ಹಿಡಿದು ನೋಡಿ, ಅಲ್ಲಿ ಸರಿಯಿಲ್ಲ ಇಲ್ಲಿ ಸರಿಯಿಲ್ಲ ಎಂದರೆ ತಿದ್ದಿ ಮತ್ತೊಂದು. ಎಲ್ಲರೂ ಒಪ್ಪಿದ ಮೇಲೆ ಅಲ್ಯೂಮಿನಿಯಂ ಗಟ್ಟಿಯಲ್ಲಿ ಅಚ್ಚು ಕೊರೆಯುವುದು. ಅಚ್ಚು ಒಮ್ಮೆ ಕೂಡಿತೆಂದರೆ ಆಮೇಲೆ ಅದರಲ್ಲಿ ಪ್ಲಾಸ್ಟಿಕ್ ತುಂಬಿ ಒಂದರಂತೆ ಒಂದು ಎಷ್ಟು ಬೇಕಾದರೂ ತೆಗೆಯಬಹುದು. ಕೇಳುತ್ತ ಕೇಳುತ್ತ ನನಗೆ ನಗು ಬಂತು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಸೀರೆಯಲ್ಲಿ ರವಿಕೆ ಹೊಲಿದು ಅಳತೆ ನೋಡುತ್ತಿದ್ದ ನನ್ನಂಥ ದರ್ಜಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದೇನಿದೆ?

ನೀನು ಹೋದ ಮೇಲೆ ನನಗೆ ಹೊತ್ತು ಹೋಗುತ್ತಿರಲಿಲ್ಲ. ಚಹಾ ಕೊಡುವ ನೆಪದಲ್ಲಿ ಕೆಳಗಿಳಿದೆ. ಅಲ್ಲಿ ಸೊಸೆಗೆ ವಯಸ್ಸಾದ ಕೈಯೊಂದು ಬೇಕಾಗಿತ್ತು. ಊರುಗೋಲು ಹಿಡಿಯುವವರು ನನ್ನಂಥವರೇ ತಾನೆ? ಅವಳ ಕೈಯಾಗಲಿ, ನಮ್ಮ ಮಗನ ಕೈಯಾಗಲಿ ಅದಕ್ಕೆ ಬಾರದು. ಮೇಷ್ಟರಾಗಿ ಸೀಮೆಸುಣ್ಣ ಹಿಡಿದು ಹಿಡಿದು ಅವನ ಕೈ ಇನ್ನೂ ಹೂವಿನ ಹಾಗಿದೆ. ಹೀಗೆ ನಾನು ಪರೀಕ್ಷಕನಾದೆ. ಬಿಳಿಯ ಹಿಡಿಗಳನ್ನು ಒಂದಾದ ಮೇಲೊಂದು ಕೋಲಿಗೆ ಸಿಕ್ಕಿಸಿ ಕೊಡುತ್ತಿದ್ದಳು. ನಾನು ಅಂಗಳದಲ್ಲಿ ಠೀವಿಯಿಂದ ಓಡಾಡಿ ಬರುತ್ತಿದ್ದೆ. "ಎಲ್ಲಾದ್ರೂ ಒತ್ತುತ್ತಾ ಮಾವ?" ಎಂದು ಕೇಳುತ್ತಿದ್ದಳು. "ಇಲ್ಲಮ್ಮ, ಬೆಣ್ಣೆ ಇದ್ದ ಹಾಗಿದೆ" ಎನ್ನುತ್ತಿದ್ದೆ. ಬೆಣ್ಣೆಯೂ ಇಲ್ಲ, ಸುಣ್ಣವೂ ಇಲ್ಲ. ಒತ್ತುತ್ತಿತ್ತು. ಆದರೆ ಆ ಮುಖ ನೋಡಿದರೆ ನಿನಗೂ ಬೇರೆ ಮಾತು ಬರುತ್ತಿರಲಿಲ್ಲ. ಸರಿ, ನಿನಗೆ ಬರುತ್ತಿತ್ತು. ನನಗೆ ಬರಲಿಲ್ಲ. ಕಣ್ಣಿನ ಸುತ್ತ ಕಪ್ಪು ಕಟ್ಟಿದೆ, ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾಳೆ, ಅಂಥ ಹುಡುಗಿ ಆಸೆಯಿಂದ ಕೇಳುವಾಗ ಒತ್ತುತ್ತದೆ ಎಂದು ಹೇಗೆ ಹೇಳುವುದು? ನನ್ನ ಬೆಣ್ಣೆಯ ಮಾತು ನಂಬಿಕೊಂಡು ಅವಳು ಅಚ್ಚು ಕೊರೆಯುವ ಕೆಲಸ ಶುರುಮಾಡಿಸಿಬಿಟ್ಟಳು.

ಅಚ್ಚು ಕೂಡಿಸುವವರನ್ನು ನೀನು ನೋಡಿದ್ದೀಯ. ಹಿಂದಿನ ಕಾರ್ ಶೆಡ್ಡಿನಲ್ಲಿ ಕೂತು ದಿನವಿಡೀ ಉಜ್ಜುತ್ತಿರುತ್ತಾರಲ್ಲ, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಆಯಿತೇ ಎಂದು ಯಾರು ಕೇಳಿದರೂ "ಇನ್ನೂ ಸ್ವಲ್ಪ" ಎನ್ನುತ್ತಾರೆ, ಅದಕ್ಕೆ ಅವರ ಹೆಸರೇ ಇನ್ನೂಸ್ವಲ್ಪ ಎಂದಾಗಿದೆ. ಅಚ್ಚಿಗೆ ಎರಡು ಹೋಳು. ಅವೆರಡೂ ಕೂದಲೆಳೆಯಷ್ಟು ಸಂದಿಯೂ ಇಲ್ಲದಂತೆ ಕೂಡಬೇಕು. ಕಣ್ಣಿಗೆ ಅದು ಕಾಣುವುದಿಲ್ಲ. ಹಾಗಾಗಿ ಅವರು ಒಂದು ಹೋಳಿಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರುತ್ತಾರೆ, ಎರಡನ್ನೂ ಕೂಡಿಸಿ ಒತ್ತುತ್ತಾರೆ, ಬಿಡಿಸಿ ನೋಡುತ್ತಾರೆ. ತಾಗಿದ ಕಡೆ ನೀಲಿ ಹತ್ತಿರುತ್ತದೆ. ತಾಗದ ಕಡೆ ಹಾಗೇ ಹೊಳೆಯುತ್ತಿರುತ್ತದೆ. ಹೆಚ್ಚು ತಾಗಿದ್ದನ್ನು ಉಜ್ಜಿ, ಮತ್ತೆ ನೀಲಿ ಸವರಿ, ಮತ್ತೆ ಒತ್ತಿ, ಹೀಗೆ ಎಲ್ಲ ಕಡೆಯೂ ಒಂದೇ ಸಮ ನೀಲಿ ಬರುವ ತನಕ. ನೋಡುತ್ತ ಕೂತರೆ ಸಮಯ ಹೋಗಿದ್ದೇ ತಿಳಿಯುವುದಿಲ್ಲ. ಮಂಗಳವಾರ ಬೆಳಗ್ಗೆ ನಾನು ಇನ್ನೂ ಹತ್ತಿರದಿಂದ ನೋಡೋಣವೆಂದು ಬಗ್ಗಿದೆ, ಆಸರೆಗೆ ಮೇಜಿನ ಮೇಲೆ ಕೈಯೂರಿದೆ. ಕೈ ಹೋಗಿ ಬಿದ್ದದ್ದು ನೀಲಿಯ ತಟ್ಟೆಯ ಮೇಲೆ.

"ಯಜಮಾನ್ರೇ, ಕೈ ಕೈ!" ಎಂದು ಅವರು ಕೂಗುವಷ್ಟರಲ್ಲಿ ಸೊಸೆ ಕೊನೆಯ ಮಾದರಿಯನ್ನು ಕೋಲಿಗೆ ಹಾಕಿಕೊಂಡು ಬಂದಳು. ಇದೇ ಹಿಡಿಗೆ ಅಚ್ಚು ತಯಾರಾಗುತ್ತಿದ್ದದ್ದು. ನಾನೂ ಯೋಚಿಸದೆ ಅದನ್ನು ಹಿಡಿದು ಶೆಡ್ಡಿನೊಳಗೇ ಒಂದು ಸುತ್ತು ಬಂದೆ. ಬೆಣ್ಣೆ ಎಂದೆ. ವಾಪಸ್ ಕೊಟ್ಟಾಗ ಬಿಳಿಯ ಹಿಡಿಯ ಮೇಲೆ ನೀಲಿ ಇದ್ದದ್ದು ಎರಡೇ ಕಡೆ. ತೋರುಬೆರಳಿನ ಬುಡ ತಾಗುವಲ್ಲಿ ಒಂದು ಮಚ್ಚೆ, ಮಣಿಕಟ್ಟಿನ ಹತ್ತಿರ ಒಂದು ಮಚ್ಚೆ. ನಡುವೆ ಬೆಳ್ಳಗೆ ಖಾಲಿ. ಅಂದರೆ ನನ್ನ ಮೈಭಾರವೆಲ್ಲ ಆ ಎರಡು ಕಡೆಯೇ ಬೀಳುತ್ತಿತ್ತು, ಅಂಗೈಯ ನಡುಭಾಗಕ್ಕೆ ಹಿಡಿ ತಾಗುತ್ತಲೇ ಇರಲಿಲ್ಲ. ವಯಸ್ಸಾದಂತೆ ಅಂಗೈಯ ಮಾಂಸ ಇಳಿದು ಒಳಗೆ ಗುಳಿ ಬೀಳುತ್ತದಂತೆ, ಅದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಇನ್ನೂಸ್ವಲ್ಪ ಹಿಡಿಯನ್ನು ನೋಡಿದರು, ಸೊಸೆ ನೋಡಿದಳು, ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು.

ಕೂಗಾಡುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಕೂಗಾಡುತ್ತಿದ್ದೆ. ಅವಳು ಸ್ಟೂಲು ಎಳೆದು ನನ್ನ ಮುಂದೆ ಕೂತಳು. "ಮಾವ, ಇದು ಒತ್ತುತ್ತೆ ಅಲ್ವಾ?" ಎಂದಳು. ಒತ್ತುತ್ತೆ ಎಂದೆ. "ಮೊದಲಿನಿಂದಾನೂ?" ಹೂಂ ಎಂದೆ. ನನಗೆ ನನ್ನ ದರ್ಜಿ ಅಂಗಡಿಯ ಟ್ರಯಲ್ ಕೋಣೆ ನೆನಪಾಯಿತು. ಉಸಿರು ಬಿಗಿಹಿಡಿದು ನಿಂತು "ಸರಿಯಾಗಿದೆ" ಎನ್ನುವ ಗಿರಾಕಿಗಳು, ಮನೆಗೆ ಹೋಗಿ ಉಸಿರು ಬಿಟ್ಟ ಕೂಡಲೇ ಕಂಕುಳಲ್ಲಿ ಹೊಲಿಗೆ ಬಿಡುವ ರವಿಕೆಗಳು. ಅಂಥವರಿಗೆ ಜೀವಮಾನವೆಲ್ಲ ಬೈದುಕೊಂಡವನು ನಾನು. ನಾನೇ ಆ ಗಿರಾಕಿಯಾಗಿ ಕೂತಿದ್ದೆ. ಅವಳು ನನ್ನ ಕೈಯನ್ನು ತಿರುಗಿಸಿ ನೋಡುತ್ತ, "ತಪ್ಪು ನಿಮ್ದಲ್ಲ ಬಿಡಿ. ನಾನು ನಿಮ್ಮ ಬಾಯಿನ ಕೇಳ್ತಿದ್ದೆ, ಕೈನ ಕೇಳ್ಬೇಕಿತ್ತು" ಎಂದಳು. ಆಮೇಲೆ ನಕ್ಕಳು, ಕಣೇ. ಎರಡು ದಿನ ಬಿಟ್ಟು ಕಂಪನಿಯವರು ಬರಬೇಕು, ಅಚ್ಚು ಕೊರೆದಾಗಿದೆ, ತನ್ನ ಅಂಗಡಿ ಉಳಿಯುವುದೋ ಮುಳುಗುವುದೋ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ನಕ್ಕಳು.

ನಾನಂತೂ ಎಲ್ಲ ಮುಗಿಯಿತು ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ (ಆ ನೀಲಿ ತಲೆಗೂ ಹತ್ತಿತು, ಇವತ್ತಿಗೂ ಪೂರ್ತಿ ಹೋಗಿಲ್ಲ). ಲೋಹವನ್ನು ಕೊರೆದ ಮೇಲೆ ಮತ್ತೆ ತುಂಬುವುದು ಹೇಗೆ? ಆಗ ಅವಳು ಬಿಡಿಸಿ ಹೇಳಿದಳು. ಅಚ್ಚಿನ ಒಳಗೆ ಲೋಹ ಹೆಚ್ಚಿದ್ದರೆ ಹಿಡಿ ಸಣ್ಣದಾಗುತ್ತದೆ, ಲೋಹ ತೆಗೆದಷ್ಟೂ ಹಿಡಿ ದಪ್ಪವಾಗುತ್ತದೆ. ತೆಗೆಯುವುದು ಯಾವಾಗ ಬೇಕಾದರೂ ಆಗುತ್ತದೆ, ಮತ್ತೆ ಹಾಕುವುದು ಕಷ್ಟ. ಆದ್ದರಿಂದ ತನಗೆ ಖಾತ್ರಿಯಿಲ್ಲದ ಕಡೆಯಲ್ಲೆಲ್ಲ ಅವಳು ಲೋಹವನ್ನು ಬಿಟ್ಟೇ ಕೊರೆಸಿದ್ದಳು. ನಾನು ಬೆಣ್ಣೆ ಬೆಣ್ಣೆ ಎಂದು ಜಪಿಸುತ್ತಿದ್ದರೂ, ಅಂಗೈಯ ನಡುಭಾಗದ ಬಗ್ಗೆ ಅವಳಿಗೆ ಒಳಗೊಳಗೇ ಅನುಮಾನವಿತ್ತಂತೆ. ಬೆಳೆಯುವ ಮಕ್ಕಳ ಲಂಗಕ್ಕೆ ಒಳಗಡೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದೆವಲ್ಲ, ಅದೇ. ನಾನು ನನ್ನ ಕಸುಬಿನಲ್ಲಿ ನೆಚ್ಚಿಕೊಂಡಿದ್ದ ಜಾಣತನವೆಂದರೆ ಅದೊಂದೇ. ಅದನ್ನು ಈ ಹುಡುಗಿ ಅಲ್ಯೂಮಿನಿಯಂನಲ್ಲಿ ಮಾಡಿದ್ದಾಳೆ. ನನ್ನ ಕಣ್ಣು ತುಂಬಿ ಬಂತು. ನೀನಿದ್ದಿದ್ದರೆ "ಅದಕ್ಕೂ ಅಳಬೇಕಾ?" ಎನ್ನುತ್ತಿದ್ದೆ. ಅಳು ಬಂತು, ಅತ್ತುಬಿಟ್ಟೆ.

ಅಲ್ಲಿಂದ ಮುಂದೆ ನನ್ನ ಅಂಗೈಗೆ ಬಿಡುವಿರಲಿಲ್ಲ. ಹಿಡಿಯ ನಡುಭಾಗಕ್ಕೆ ಜೇಡಿಯಂಥ ಮೆತ್ತನೆಯ ಪದಾರ್ಥ ಹಚ್ಚುವುದು, ನನ್ನ ಕೈಗೆ ನೀಲಿ ಸವರುವುದು, ನಾನು ಹಿಡಿದು ನಡೆಯುವುದು, ಅವಳು ಗುರುತು ನೋಡಿ ಕೆರೆಯುವುದು ಅಥವಾ ಹಚ್ಚುವುದು. ನಾನು ಬಾಯಿ ತೆರೆದರೆ "ಮಾತಾಡ್ಬೇಡಿ ಮಾವ, ನಡೀರಿ" ಎನ್ನುತ್ತಿದ್ದಳು. ಇಡೀ ಮನೆ ನೀಲಿಯಾಯಿತು. ಬಾಗಿಲ ಚಿಲಕ, ಮೆಟ್ಟಿಲ ಕಟಕಟೆ, ಮಗ ಶಾಲೆಗೆ ಹಾಕಿಕೊಂಡು ಹೋದ ಅಂಗಿಯ ಬೆನ್ನು, ಎಲ್ಲ ಕಡೆ ನನ್ನ ಬೆರಳು. ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಸೊಸೆ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಸೇರಿಸಿದಳು. ನಿನ್ನ ಕಿಟಕಿ ಪರದೆಗೂ ಒಂದಿಷ್ಟು ಆಗಿದೆ. ನೆನೆಹಾಕಿದ್ದೇನೆ.

ಸರಿಯಾದ ಆಕಾರ ಬಂದ ಮೇಲೆ ಅಚ್ಚಿನಲ್ಲಿ ಉಳಿಸಿದ್ದ ಲೋಹವನ್ನು ಅಷ್ಟಷ್ಟೇ ತೆಗೆದರು. ಇನ್ನೂಸ್ವಲ್ಪ ಕೂತು ಉಜ್ಜಿದರು. ಬುಧವಾರ ಮಧ್ಯಾಹ್ನ ಪ್ಲಾಸ್ಟಿಕ್ ಕರಗಿಸಿ ತುಂಬಿದಾಗ ಮೊದಲ ಹಿಡಿ ಪೂರ್ತಿ ತುಂಬದೆ ಮೊಂಡಾಗಿ ಬಂತು. ಆಮೇಲೆ ಬಂದದ್ದರ ಮೇಲೆ ಗುಳಿ. ಅವರಿಬ್ಬರಿಗೆ ಅದೇನೂ ಹೊಸದಲ್ಲ, ಕಾವು ಹೆಚ್ಚು ಮಾಡು, ಒತ್ತಡ ಕಡಿಮೆ ಮಾಡು ಎಂದು ತಿದ್ದುತ್ತಲೇ ಇದ್ದರು. ಕೊನೆಗೊಂದು ನುಣ್ಣಗೆ, ಬೂದುಬಣ್ಣದ್ದು, ಇನ್ನೂ ಬಿಸಿಯಾಗಿದ್ದದ್ದು ಹೊರಬಂತು. ಆರಿದ ಮೇಲೆ ನನ್ನ ಕೈಗಿಟ್ಟಳು. ಹಿಡಿದೆ. ಈ ಸಲ ಬೆಣ್ಣೆ ಎನ್ನಲಿಲ್ಲ, ಕೈಗೆ ನೀಲಿ ಸವರು ಎಂದೆ. ನಡೆದು ಬಂದು ತೋರಿಸಿದರೆ ಹಿಡಿಯ ತುಂಬ ಒಂದೇ ಸಮ ತೆಳುನೀಲಿ. ಇನ್ನೂಸ್ವಲ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಆಯ್ತು" ಎಂದರು. ಅವರ ಬಾಯಿಂದ ಆ ಮಾತು ಕೇಳಿದ್ದು ಇದೇ ಮೊದಲು ಎಂದು ಸೊಸೆ ಆಮೇಲೆ ಹೇಳಿದಳು.

ಗುರುವಾರ ಕಂಪನಿಯಿಂದ ಬಂದದ್ದು ಹಿರಿಯ ಹೆಂಗಸು, ಅವರ ಮಾಲು ಪರೀಕ್ಷೆ ಮಾಡುವ ಅಧಿಕಾರಿ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ತಾವೇ ಊರುಗೋಲು ಹಿಡಿದು ಬಂದಿದ್ದರು. ನಗುವ ಪೈಕಿಯಲ್ಲ. ತಮ್ಮ ಕೋಲನ್ನು ಗೋಡೆಗೆ ಒರಗಿಸಿ ನಮ್ಮ ಕೋಲು ಹಿಡಿದು ಗೇಟು ದಾಟಿ ರಸ್ತೆಗಿಳಿದರು. ಸೊಸೆ ಜೊತೆಗೆ ನಡೆದಳು, ನಾನೂ ಹಿಂದೆ ಹಿಂದೆ ಹೋದೆ. ಆಕೆ ಹಿಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊದಲು ಅಚ್ಚಿನ ಬಗ್ಗೆ ಏನೋ ಕೇಳಿದರು. ಆಮೇಲೆ ಪಕ್ಕದ ಮನೆಯವರ ಕಾಂಪೌಂಡಿನ ಗುಲಾಬಿ ನೋಡಿ, ತಮ್ಮ ಮನೆಯಲ್ಲಿ ಅದಕ್ಕೆ ಹುಳ ಹತ್ತುತ್ತದೆ ಎಂದರು. ರಸ್ತೆಯ ತಿರುವಿನ ತನಕ ಹೋಗಿ ವಾಪಸ್ ಬರುವವರೆಗೂ ಗುಲಾಬಿಯ ಹುಳದ ಪುರಾಣ. ಇವರಿಗೆ ಹಿಡಿಸಿಲ್ಲ, ಮರ್ಯಾದೆಗೆ ಮಾತು ಬದಲಾಯಿಸುತ್ತಿದ್ದಾರೆ ಅಂದುಕೊಂಡೆ. ಸೊಸೆ ಹಿಂದೆ ಸರಿದು ನನ್ನ ಕಿವಿಯಲ್ಲಿ, "ಮಾವ, ಗೆದ್ವಿ. ಕೈಯಲ್ಲಿ ಕೋಲಿದೆ ಅನ್ನೋದೇ ಅವರಿಗೆ ಮರ್ತುಹೋಗಿದೆ" ಎಂದಳು. ನಿಜವಾಗಿಯೂ ಹಾಗೆಯೇ ಆಗಿತ್ತು. ಒಳಗೆ ಬಂದು ಕೂತವರು ನಮ್ಮ ಕೋಲನ್ನು ತೊಡೆಯ ಮೇಲಿಟ್ಟುಕೊಂಡೇ ಚಹಾ ಕುಡಿದು ಒಪ್ಪಿಗೆ ಹೇಳಿದರು. ಹೊರಡುವಾಗ ಗೋಡೆಗೆ ಒರಗಿಸಿದ್ದ ತಮ್ಮದನ್ನು ನಾವೇ ನೆನಪಿಸಿ ಕೊಡಬೇಕಾಯಿತು.

ಹಾಗಾಗಿ ಅಂಗಡಿ ಮುಚ್ಚುವುದಿಲ್ಲ, ಅವಳು ಬೇರೆ ಊರಿಗೆ ಹೋಗುವುದಿಲ್ಲ, ನಿನ್ನ ಸೋಫಾ ಕೆಳಗಿಳಿಯುವುದಿಲ್ಲ. ನಿನಗೆ ಬೇಸರವಾದರೆ ಆಗಲಿ, ನನಗೆ ಹೆಮ್ಮೆಯಾಗಿದೆ. ನಮ್ಮ ಮನೆಗೆ ಬಂದ ಹುಡುಗಿ ಎಂಥ ಕೆಲಸಗಾತಿ ಎಂದು ನನಗೆ ಈಗ ತಿಳಿಯಿತು, ಇಷ್ಟು ತಡವಾಗಿ ತಿಳಿಯಿತಲ್ಲ ಎಂದು ಸಂಕಟವೂ ಆಗುತ್ತದೆ. ಯಾರೋ ಗುರುತಿಲ್ಲದ ಮುದುಕರ ಅಂಗೈ ನೋಯಬಾರದು ಎಂದು ಊಟ ನಿದ್ದೆ ಬಿಟ್ಟು ಕೂರುವವಳು ಕೆಟ್ಟವಳಾಗಿರಲು ಸಾಧ್ಯವೇ, ನೀನೇ ಹೇಳು. ಅವಳು ನಿನಗೆ ಎದುರು ಮಾತಾಡಿದ್ದು ಒಂದೇ ಸಲ, ಅದೂ ನೀನು ಯಂತ್ರದ ಪ್ಲಗ್ ಕಿತ್ತಾಗ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ಮೊಮ್ಮಗಳ ಎರಡೂ ಕೆನ್ನೆಗೆ ಅಜ್ಜನ ಮುತ್ತು, ಮೂಗಿಗೆ ಅಜ್ಜನ ಕ್ಷಮಾಪಣೆ. ನೀನು ಹೊತ್ತಿಗೆ ಸರಿಯಾಗಿ ಉಂಡು, ಮಧ್ಯಾಹ್ನ ಒಂದಿಷ್ಟು ಹೊತ್ತು ಮಲಗು. ಮಗುವಿನ ಬಟ್ಟೆಯನ್ನು ಅಳಿಯ ಮಡಿಸಿದರೆ ಏನೂ ಆಗುವುದಿಲ್ಲ.

ಇಂತಿ ನಿನ್ನ,
"ರೀ"

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಈಗಿನದು ಬಲಗೈಯ ಹಿಡಿ. ಕಂಪನಿಯವರಿಗೆ ಎಡಗೈಯದೂ ಬೇಕಂತೆ. ಇದನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಮಾಡಿದರಾಯಿತಲ್ಲ ಎಂದೆ. ಇನ್ನೂಸ್ವಲ್ಪ ಕೂಡ ಅದನ್ನೇ ಹೇಳಿದರು. ಸೊಸೆ ಒಪ್ಪಲಿಲ್ಲ. ಜೀವಮಾನವೆಲ್ಲ ಎಡಗೈಯಲ್ಲೇ ಕೆಲಸ ಮಾಡಿ ಸವೆದ ಕೈ ಬೇರೆಯೇ ಇರುತ್ತದೆ, ಅಂಥ ಕೈಯನ್ನೇ ಕೇಳಬೇಕು ಎಂದಳು. ನಿನ್ನೆ ಮಗನ ಹತ್ತಿರ "ಅತ್ತೆ ಎಡಗೈಯವರಲ್ವಾ?" ಎಂದು ಕೇಳಿದಳು. ಬೇರೆ ಯಾರನ್ನಾದರೂ ಹುಡುಕೋಣ ಎಂದ ಅವನು. ಆಗ ಅವಳು ಹೇಳಿದ್ದನ್ನು ನಾನು ಮೆಟ್ಟಿಲ ಮೇಲೆ ನಿನ್ನ ಸೋಫಾದಲ್ಲಿ ಕೂತು ಕೇಳಿಸಿಕೊಂಡೆ. "ಮಾವ ಎಲ್ಲದಕ್ಕೂ ಚೆನ್ನಾಗಿದೆ ಅಂತಾರೆ. ಅತ್ತೆ ಹಾಗಲ್ಲ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೆ. ನಂಗೆ ಅವರೇ ಬೇಕು. ಆದ್ರೆ ನಾನು ಹೇಗೆ ಕರೀಲಿ?" ಅವಳು ಕರೆಯುವುದಿಲ್ಲ, ನಿನ್ನನ್ನು ಕಂಡರೆ ಅವಳಿಗೆ ಭಯ. ನಾನು ಕರೆಯುತ್ತಿದ್ದೇನೆ. ಮಗುವಿಗೆ ಕತ್ತು ನಿಲ್ಲುತ್ತಲೇ ಹೊರಟುಬಿಡು. ಹಿಂದಿನ ಕೋಣೆಯಲ್ಲಿ ಅಳಿಯ ತನ್ನ ಸೈಕಲ್ ಇಟ್ಟುಕೊಳ್ಳಲಿ. ಇಲ್ಲಿ ಎಲ್ಲರೂ ಬರೀ ಹೊಗಳುವವರೇ ಆಗಿಹೋಗಿದ್ದೇವೆ. ಬಾ ಇವಳೇ, ಬಂದು ಬೈಯಿ.